ಬಯಲುಸೀಮೆಯ ಆದಿಮಾನವರು: ಮಳೆ, ಒರತೆ ಮತ್ತು ಕಲ್ಲಿನ ಜಾಡು

ದಕ್ಷಿಣ ಭಾರತದ ಒಳನಾಡಿನ ಒಣಭೂಮಿಯಲ್ಲಿ ಮಾನವ ಕುಲದ ವಾಸಕ್ಕೆ ಹತ್ತು ಲಕ್ಷ ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿ ಬಿದ್ದಿರುವ, ವರ್ಷದ ಏಳೆಂಟು ತಿಂಗಳು ಹಳ್ಳಗಳು ಬತ್ತಿರುವ ಈ ನೆಲ ಇಂದು ನೋಡಿದವರಿಗೆ ಆದಿಮಾನವರು ಆರಿಸಿಕೊಂಡ ನಾಡಾಗಿ ತೋರುವುದಿಲ್ಲ. ಆದರೂ ಕರ್ನಾಟಕದ ಹಳೆ ಶಿಲಾಯುಗದ ನೆಲೆಗಳಲ್ಲಿ ಬಹುಪಾಲು ಸಿಕ್ಕಿರುವುದು ಮಲೆನಾಡಿನ ದಟ್ಟ ಕಾಡಿನಲ್ಲಲ್ಲ, ಕರಾವಳಿಯಲ್ಲೂ ಅಲ್ಲ, ಬಯಲುಸೀಮೆಯಲ್ಲಿ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯೂ ಇದೇ ಬಯಲಿನ ಭಾಗ. ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ ದಕ್ಷಿಣ ಕರ್ನಾಟಕದ ಹಳೆ ಶಿಲಾಯುಗದ ಮುಖ್ಯ ನೆಲೆಗಳಲ್ಲೊಂದು.

ಇದರಿಂದ ಏಳುವ ಪ್ರಶ್ನೆ ಸರಳವಾಗಿದೆ. ಆದಿಮಾನವರು ಇಲ್ಲಿ ನೆಲೆಸಿದಾಗ ಈ ನಾಡಿನಲ್ಲಿ ಈಗಿಗಿಂತ ಹೆಚ್ಚು ಮಳೆಯಿತ್ತೇ? ಅಥವಾ ಆಗಲೂ ಒಣಗಿದ್ದ ನೆಲದಲ್ಲಿಯೇ ಬದುಕುವ ಬಗೆಯನ್ನು ಅವರು ಕಂಡುಕೊಂಡಿದ್ದರೇ? ಪುರಾತತ್ವ, ಭೂವಿಜ್ಞಾನ, ಸಸ್ಯಶಾಸ್ತ್ರ, ಹವಾಮಾನ ವಿಜ್ಞಾನಗಳು ಒಂದೂವರೆ ಶತಮಾನದಲ್ಲಿ ಕಲೆಹಾಕಿದ ಆಧಾರಗಳನ್ನು ಒಟ್ಟಿಗಿಟ್ಟು ನೋಡಿದರೆ, ಮಳೆಯ ಏರಿಳಿತ ಎಷ್ಟು ಮುಖ್ಯವೋ ನೆಲ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುವ ಜಾಗಗಳೂ ಅಷ್ಟೇ ಮುಖ್ಯವಾಗಿದ್ದವು ಎಂಬುದು ಸ್ಪಷ್ಟವಾಗುತ್ತದೆ.

ಮರುಭೂಮಿಗಳ ಹಸಿರು ಕಾಲ

ಭೂಮಿಯ ಅಕ್ಷದ ಓಲಾಟದ ಪರಿಣಾಮ ಸುಮಾರು 19ರಿಂದ 23 ಸಾವಿರ ವರ್ಷಗಳ ಆವರ್ತದಲ್ಲಿ ಮರುಕಳಿಸುತ್ತದೆ. ಇದರಿಂದ ಉತ್ತರಾರ್ಧಗೋಳದ ಬೇಸಿಗೆಗೆ ಸಿಗುವ ಬಿಸಿಲಿನ ಪ್ರಮಾಣ ಬದಲಾಗುತ್ತದೆ. ಬಿಸಿಲು ಹೆಚ್ಚಾದ ಕಾಲದಲ್ಲಿ ಭೂಖಂಡಗಳು ಹೆಚ್ಚು ಕಾಯುತ್ತವೆ, ಸಮುದ್ರದ ತೇವದ ಗಾಳಿ ಇನ್ನಷ್ಟು ಒಳನಾಡಿಗೆ ನುಗ್ಗುತ್ತದೆ, ಮುಂಗಾರು ಬಲವಾಗುತ್ತದೆ. ಹಿಮಯುಗಗಳಲ್ಲಿ ಇದು ತಿರುವುಮುರುವಾಗುತ್ತದೆ. ಸುಮಾರು 20,000 ವರ್ಷಗಳ ಹಿಂದೆ, ಕೊನೆಯ ಹಿಮಯುಗದ ತುತ್ತತುದಿಯಲ್ಲಿ, ಸಮುದ್ರದ ಮಟ್ಟ ಈಗಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಏಷ್ಯಾದ ಮುಂಗಾರು ದುರ್ಬಲವಾಗಿತ್ತು.

ಆಫ್ರಿಕಾದ ಸಹಾರಾ ಈ ಏರಿಳಿತಕ್ಕೆ ದೊಡ್ಡ ಉದಾಹರಣೆ. ಸುಮಾರು 11,000ದಿಂದ 5,000 ವರ್ಷಗಳ ಹಿಂದಿನವರೆಗೆ ಅಲ್ಲಿ ಹುಲ್ಲುಗಾವಲುಗಳೂ ಸರೋವರಗಳೂ ಇದ್ದವು. ಜನ ಮೀನು ಹಿಡಿಯುತ್ತಿದ್ದರು, ದನ ಮೇಯಿಸುತ್ತಿದ್ದರು, ಬಂಡೆಗಳ ಮೇಲೆ ಆ ಬದುಕಿನ ಚಿತ್ರಗಳನ್ನು ಬರೆದಿಟ್ಟರು. ಅರೇಬಿಯಾದ ನೆಫೂದ್ ಮರಳುಗಾಡಿನ ಅಲಾಥರ್ ಎಂಬಲ್ಲಿ, ಬತ್ತಿಹೋದ ಸರೋವರದ ಕೆಸರಿನ ಮೇಲೆ ಸುಮಾರು 1,20,000 ವರ್ಷಗಳ ಹಿಂದಿನ ಮನುಷ್ಯರ ಹೆಜ್ಜೆಗುರುತುಗಳು ಆನೆ, ಒಂಟೆಗಳ ಹೆಜ್ಜೆಗಳ ಜೊತೆಯಲ್ಲೇ ಸಿಕ್ಕಿವೆ. ಅದೇ ಮರಳುಗಾಡಿನ ಅಲ್ ವುಸ್ತಾದಲ್ಲಿ ದೊರೆತ ಮನುಷ್ಯನ ಬೆರಳಿನ ಮೂಳೆ 85,000 ವರ್ಷಗಳಿಗೂ ಹಳೆಯದು. ಆಫ್ರಿಕಾದಿಂದ ಹೊರಟ ಗುಂಪುಗಳಿಗೆ ಇಂಥ ಹಸಿರು ಕಾಲಗಳು ದಾರಿ ತೆರೆದುಕೊಟ್ಟವು. ಒಣಕಾಲಗಳು ಆ ದಾರಿಯನ್ನು ಮುಚ್ಚಿದವು.

ಭಾರತದಲ್ಲಿ ಇದೇ ಪಾಠವನ್ನು ರಾಜಸ್ಥಾನದ ಥಾರ್ ಕಲಿಸುತ್ತದೆ. ದೀಡ್‌ವಾನಾ ಬಳಿಯ 16ಆರ್ ಎಂಬ ಮರಳುದಿಬ್ಬವನ್ನು ಡೆಕ್ಕನ್ ಕಾಲೇಜಿನ ವಿ. ಎನ್. ಮಿಶ್ರ ಮತ್ತು ಸಂಗಡಿಗರು 1980ರ ದಶಕದಲ್ಲಿ ಅಗೆದರು. ಮರಳು ಬೀಸಿ ಬಂದ ಒಣಕಾಲಗಳೂ, ಮರಳು ನಿಂತು ಮಣ್ಣು ಕಟ್ಟಿದ ತೇವದ ಕಾಲಗಳೂ ಅಲ್ಲಿ ಪದರ ಪದರವಾಗಿ ಕುಳಿತಿವೆ. ಆ ಪದರಗಳಲ್ಲಿ ಕಲ್ಲಿನ ಉಪಕರಣಗಳಿವೆ. ಬಿಕಾನೇರ್ ಬಳಿಯ ನಾಲ್‌ನಲ್ಲಿ ಸುಮಾರು 1,72,000 ವರ್ಷಗಳ ಹಿಂದೆ ನದಿ ಹರಿಯುತ್ತಿದ್ದುದಕ್ಕೆ 2020ರಲ್ಲಿ ಪುರಾವೆ ಪ್ರಕಟವಾಯಿತು. ಇನ್ನೊಂದು ಕಡೆ, ಲೂಣಕರಣಸರ ಸರೋವರ ಬತ್ತಿದ್ದು ಸಿಂಧೂ ಬಯಲಿನ ಹರಪ್ಪಾ ನಗರಗಳು ತಲೆಯೆತ್ತುವ ಮೊದಲೇ. ಆದ್ದರಿಂದ ಮಳೆ ಬಂದಾಗ ಜನ ಬಂದರು, ಮಳೆ ಹೋದಾಗ ಜನ ಹೋದರು ಎಂಬ ಲೆಕ್ಕ ಥಾರ್‌ನಲ್ಲೂ ಪೂರ್ತಿ ನಿಲ್ಲುವುದಿಲ್ಲ.

ದಕ್ಷಿಣದ ಮಳೆಯ ದಾಖಲೆಗಳು

ಕರ್ನಾಟಕದ ಬಯಲುಸೀಮೆ ಮರುಭೂಮಿಯಲ್ಲ, ಅರೆಶುಷ್ಕ ನೆಲ. ವರ್ಷಕ್ಕೆ 500ರಿಂದ 700 ಮಿಲಿಮೀಟರಿನಷ್ಟು ಬೀಳುವ ಮಳೆಯಲ್ಲಿ ನೂರು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಬೆಳೆ, ಮೇವು, ಕುಡಿಯುವ ನೀರು ಮೂರರ ಮೇಲೂ ಅದರ ಪರಿಣಾಮ ಕಾಣುತ್ತದೆ. ಇಂಥ ಗಡಿಯ ನೆಲದಲ್ಲಿ ಹವಾಮಾನದ ಸಣ್ಣ ಬದಲಾವಣೆಯೂ ದೊಡ್ಡ ಮಾತಾಗುತ್ತದೆ.

ಹಳೆಯ ಮಳೆಯನ್ನು ಅಳೆಯಲು ವಿಜ್ಞಾನಿಗಳು ಸರೋವರದ ಹೂಳು, ಸಮುದ್ರತಳದ ಮಣ್ಣು, ಜೌಗಿನಲ್ಲಿ ಕೊಳೆಯದೆ ಉಳಿದ ಸಸ್ಯಾವಶೇಷ, ಹೂವಿನ ಪರಾಗ, ಮಣ್ಣಿನೊಳಗಿನ ಸುಣ್ಣದ ಹರಳುಗಳನ್ನು ನೆಚ್ಚುತ್ತಾರೆ. ದಕ್ಷಿಣಕ್ಕೆ ಹತ್ತಿರದ ಮುಖ್ಯ ದಾಖಲೆ ನೀಲಗಿರಿಯ ಜೌಗುಗಳದ್ದು. ಆರ್. ಸುಕುಮಾರ್ ಮತ್ತು ಸಂಗಡಿಗರು ಅಲ್ಲಿನ ಸಸ್ಯಾವಶೇಷಗಳ ಇಂಗಾಲದ ಐಸೊಟೋಪುಗಳನ್ನು ಅಳೆದು 1993ರಲ್ಲಿ ಪ್ರಕಟಿಸಿದ ಅಧ್ಯಯನ ಸುಮಾರು 20,000 ವರ್ಷಗಳ ಕಥೆಯನ್ನು ಹೇಳುತ್ತದೆ. ಒಣಹವೆಗೆ ಒಗ್ಗಿದ ಹುಲ್ಲುಗಳೂ ತೇವವನ್ನು ಬೇಡುವ ಗಿಡಮರಗಳೂ ಇಂಗಾಲವನ್ನು ಬೇರೆ ಬೇರೆ ಬಗೆಯಲ್ಲಿ ಹೀರಿಕೊಳ್ಳುವುದರಿಂದ ಯಾವ ಕಾಲದಲ್ಲಿ ಯಾವುದು ಹೆಚ್ಚಿತ್ತು ಎಂದು ಗೊತ್ತಾಗುತ್ತದೆ. ಹಿಮಯುಗದ ತುದಿಯಲ್ಲಿ ಒಣಹವೆ, ಹತ್ತು ಸಾವಿರ ವರ್ಷಗಳ ಹಿಂದಿನ ಆಸುಪಾಸಿನಲ್ಲಿ ಬಲವಾದ ಮುಂಗಾರು, ನಂತರ ಸುಮಾರು 6,000ದಿಂದ 3,500 ವರ್ಷಗಳ ಹಿಂದಿನವರೆಗೆ ಮತ್ತೆ ಒಣಗುವಿಕೆ ಎಂಬುದು ಅದರ ಒಟ್ಟು ಸಾರ. ಮಹಾರಾಷ್ಟ್ರದ ಲೋಣಾರ್ ಸರೋವರದ ಹೂಳಿನಲ್ಲಿ ಸುಮಾರು 4,600ರಿಂದ 3,900 ವರ್ಷಗಳ ಹಿಂದೆ ದೀರ್ಘ ಬರಗಾಲದ ಗುರುತುಗಳಿವೆ.

ಹತ್ತಾರು ಸಾವಿರ ವರ್ಷಗಳ ಈ ದಾಖಲೆಗಳು ಲಕ್ಷಾಂತರ ವರ್ಷ ಹಳೆಯ ನೆಲೆಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಅಷ್ಟು ಹಿಂದಕ್ಕೆ ಹೋಗಬೇಕಾದರೆ ನೆಲೆಯ ಮಣ್ಣನ್ನೇ ಓದಬೇಕು: ಹಳ್ಳ ತಂದು ಹಾಕಿದ ಗುಂಡುಕಲ್ಲು, ಮುರಕಲ್ಲು, ಒರತೆಯ ನೀರು ಆರಿದಾಗ ಉಳಿದ ಸುಣ್ಣದ ಪದರ, ಪ್ರಾಣಿಗಳ ಹಲ್ಲು. ಕರ್ನಾಟಕದಲ್ಲಿ ಈ ಓದು ಹೆಚ್ಚು ಫಲಕೊಟ್ಟಿರುವುದು ಕೃಷ್ಣಾ ಕಣಿವೆಯಲ್ಲಿ.

ತೆಂಗಿನ ಸೀಮೆಯ ಕಲ್ಲು ಮತ್ತು ಕಿಬ್ಬನಹಳ್ಳಿ

ದಕ್ಷಿಣ ಭಾರತದ ಹಳೆ ಶಿಲಾಯುಗದ ಅಧ್ಯಯನ ಆರಂಭವಾದದ್ದು 1863ರಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಆ ವರ್ಷದ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಕಲ್ಲಿನ ಉಪಕರಣವೊಂದನ್ನು ಗುರುತಿಸಿದರು. ನಂತರದ ದಶಕಗಳಲ್ಲಿ ಅವರು ಬಳ್ಳಾರಿ, ರಾಯಚೂರು, ಮಲಪ್ರಭಾ ಕಣಿವೆ ಮತ್ತು ಮೈಸೂರು ಸಂಸ್ಥಾನದಲ್ಲಿ ಓಡಾಡಿ ನೂರಾರು ನೆಲೆಗಳನ್ನು ದಾಖಲಿಸಿದರು. ಮೈಸೂರು ಸೀಮೆಯಲ್ಲಿ ಅವರ ಕಣ್ಣಿಗೆ ಬಿದ್ದ ಹಳೆ ಶಿಲಾಯುಗದ ಜಾಗಗಳಲ್ಲಿ ತರೀಕೆರೆ ಕಡೆಯ ಲಿಂಗದಹಳ್ಳಿ, ಹೊನ್ನಾಳಿ ಕಡೆಯ ನ್ಯಾಮತಿ, ಹೊಳಲ್ಕೆರೆ ಕಡೆಯ ತಾಳ್ಯ ಸೇರಿವೆ. ಇವೆಲ್ಲ ಧಾರವಾಡ ಶಿಲಾವರ್ಗದ ಪಟ್ಟಿಗಳ ಮೇಲೆ ಅಥವಾ ಅವುಗಳ ಅಂಚಿನಲ್ಲಿವೆ. ಇದು ಗಮನಿಸಬೇಕಾದ ಸಂಗತಿ.

ತೆಂಗಿನ ಸೀಮೆಯ ನೆಲರಚನೆಯೂ ಇದೇ. ಇಲ್ಲಿನ ಬಹುಪಾಲು ನೆಲದಡಿ ಇರುವುದು ನೈಸ್ ಎಂಬ ಪಟ್ಟೆಗಲ್ಲು. ಅದರ ನಡುವೆ ಚಿತ್ರದುರ್ಗದ ಕಡೆಯಿಂದ ದಕ್ಷಿಣಕ್ಕೆ ಚಾಚಿದ ಧಾರವಾಡ ಶಿಲೆಗಳ ಪಟ್ಟಿ ಚಿಕ್ಕನಾಯಕನಹಳ್ಳಿ, ಕಿಬ್ಬನಹಳ್ಳಿ, ಬಾಣಸಂದ್ರಗಳ ಮೂಲಕ ಹಾದುಹೋಗುತ್ತದೆ. 250 ಕೋಟಿ ವರ್ಷಗಳಿಗೂ ಹಳೆಯದಾದ ಈ ಪಟ್ಟಿಯಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು, ಸುಣ್ಣಕಲ್ಲು, ಬೆಣಚುಶಿಲೆಗಳಿವೆ. ಚಿಕ್ಕನಾಯಕನಹಳ್ಳಿಯ ಗಣಿಗಳೂ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯೂ ಹುಟ್ಟಿದ್ದು ಈ ಶಿಲೆಗಳಿಂದ. ಮದಲಿಂಗನ ಕಣಿವೆಯ ಸುತ್ತಣ ಗುಡ್ಡಸಾಲು ಇದೇ ಪಟ್ಟಿಯ ಮೇಲೆದ್ದ ಭಾಗ.

ಆದಿಮಾನವರಿಗೆ ಈ ಪಟ್ಟಿ ಎರಡು ಕಾರಣಕ್ಕೆ ಬೇಕಾಗಿತ್ತು. ಮೊದಲನೆಯದು ಕಲ್ಲು. ನೈಸ್ ಕಲ್ಲನ್ನು ಹೊಡೆದರೆ ಪುಡಿಯಾಗುತ್ತದೆ, ಹರಿತವಾದ ಅಂಚು ಏಳುವುದಿಲ್ಲ. ಬೆಣಚುಶಿಲೆಯನ್ನು ಸರಿಯಾದ ಕೋನದಲ್ಲಿ ಹೊಡೆದರೆ ಅಗಲವಾದ ಚಕ್ಕೆ ಏಳುತ್ತದೆ; ಚಕ್ಕೆಯ ಅಂಚು ತೊಗಲನ್ನೂ ಮಾಂಸವನ್ನೂ ಕೊಯ್ಯುವಷ್ಟು ಹರಿತ. ಎರಡನೆಯದು ನೀರು. ಬಿರುಕುಬಿಟ್ಟ ಬೆಣಚುಶಿಲೆಯ ಗುಡ್ಡಗಳು ಮಳೆಯ ನೀರನ್ನು ಒಳಗೆ ಎಳೆದುಕೊಳ್ಳುತ್ತವೆ. ಆ ನೀರು ಗುಡ್ಡದ ಬುಡದಲ್ಲಿ, ಬಿರುಕಿಲ್ಲದ ಬಂಡೆ ಅಡ್ಡಬಂದ ಕಡೆ, ಒರತೆಯಾಗಿ ಹೊರಬರುತ್ತದೆ. ಮಳೆ ನಿಂತ ಮೇಲೂ ಕೆಲವು ತಿಂಗಳು ಒಸರುವ ಇಂಥ ಜಾಗಗಳು ಮನುಷ್ಯರಿಗೂ ಮೃಗಗಳಿಗೂ ಒಟ್ಟಿಗೆ ಆಸರೆ. ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ತಲಪರಿಗೆ ಎಂದು ಕರೆಯುವ ಒರತೆಕಾಲುವೆಗಳು ನೆಲದಡಿಯ ನೀರಿನ ಇಂಥ ಗುಣವನ್ನೇ ನೆಚ್ಚಿ ಬೆಳೆದವು.

ಕಿಬ್ಬನಹಳ್ಳಿಯ ಕಲ್ಲಿನ ಉಪಕರಣಗಳನ್ನು ವಿವರವಾಗಿ ವಿದ್ವತ್‌ಲೋಕದ ಮುಂದಿಟ್ಟವರು ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿ. ಈ ನೆಲೆಯ ಕುರಿತ ಅವರ ಲೇಖನ 1955ರಲ್ಲಿ ಪ್ರಕಟವಾಯಿತು. ಮರುವರ್ಷ ಹೊರಬಂದ, ಮೈಸೂರಿನ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತ ಅವರ ಗ್ರಂಥ ಆ ವಿಷಯದ ಮೊದಲ ಸಮಗ್ರ ನೋಟಗಳಲ್ಲಿ ಒಂದು. ಕೈಕೊಡಲಿ, ಸೀಳುಗೊಡಲಿ, ಮೊಟ್ಟೆಯಾಕಾರದ ಉಪಕರಣ, ದೊಡ್ಡ ಚಕ್ಕೆಗಳು ಕಿಬ್ಬನಹಳ್ಳಿಯ ಗುರುತು. ಎರಡೂ ಮೈ ಕೆತ್ತಿ ಬಾದಾಮಿಯಾಕಾರಕ್ಕೆ ತಂದ ಕೈಕೊಡಲಿ ಅಷ್ಯೂಲಿಯನ್ ಎಂದು ಹೆಸರಾದ ಸಂಸ್ಕೃತಿಯ ಲಾಂಛನ. ಆಫ್ರಿಕಾದಿಂದ ಯೂರೋಪು, ಅರೇಬಿಯಾ, ಭಾರತದವರೆಗೆ ಹತ್ತಾರು ಲಕ್ಷ ವರ್ಷ ಹರಡಿದ್ದ ತಂತ್ರ ಅದು. ಕಿಬ್ಬನಹಳ್ಳಿ ಆ ವಿಶಾಲ ಭೂಪಟದ ಮೇಲಿನ ಒಂದು ಬಿಂದು.

ಈ ಉಪಕರಣಗಳನ್ನು ಮಾಡಿದವರು ಇಂದಿನ ಮನುಷ್ಯರಲ್ಲ. ಅಷ್ಯೂಲಿಯನ್ ಕಾಲ ಆರಂಭವಾದಾಗ ಆಧುನಿಕ ಮಾನವ ಇನ್ನೂ ರೂಪುಗೊಂಡಿರಲಿಲ್ಲ. ದಕ್ಷಿಣ ಭಾರತದಲ್ಲಿ ಅವರ ಮೂಳೆಗಳು ಉಳಿದಿಲ್ಲ. ದೇಶದಲ್ಲಿ ಸಿಕ್ಕ ಪ್ರಮುಖ ಆಧಾರ 1982ರಲ್ಲಿ ನರ್ಮದಾ ದಂಡೆಯ ಹಥ್ನೋರಾದಲ್ಲಿ ಅರುಣ್ ಸೋನಾಕಿಯಾ ಪತ್ತೆಮಾಡಿದ ತಲೆಬುರುಡೆಯ ಭಾಗ. ಹೀಗಾಗಿ ಬಯಲುಸೀಮೆಯ ಮೊದಲ ನಿವಾಸಿಗಳ ಬಗ್ಗೆ ತಿಳಿಯುವುದೆಲ್ಲ ಅವರು ಕೆತ್ತಿದ ಕಲ್ಲಿನಿಂದ, ಆ ಕಲ್ಲು ಸಿಕ್ಕ ಜಾಗದಿಂದ.

ಹುಣಸಗಿ: ಒರತೆಯ ಸುತ್ತ ಕಟ್ಟಿದ ಬದುಕು

ಜಾಗದಿಂದ ಬದುಕನ್ನು ಓದುವ ಕೆಲಸ ಅತ್ಯುತ್ತಮವಾಗಿ ನಡೆದಿರುವುದು ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಳ ಕಾಲ ಇಲ್ಲಿ ಹೊಲಹೊಲ ತಿರುಗಿ, ಸುಮಾರು 500 ಚದರ ಕಿಲೋಮೀಟರ್ ಪ್ರದೇಶದಲ್ಲಿ 200ಕ್ಕೂ ಹೆಚ್ಚು ಅಷ್ಯೂಲಿಯನ್ ನೆಲೆಗಳನ್ನು ಗುರುತಿಸಿದರು. ಗುಡ್ಡಗಳಿಂದ ಸುತ್ತುವರಿದ ಈ ಕಣಿವೆಗಳಲ್ಲಿ ಸುಣ್ಣಕಲ್ಲಿನ ಹಾಸು, ಗ್ರಾನೈಟ್ ದಿಬ್ಬ, ಒರತೆಯಿಂದ ಹುಟ್ಟುವ ಹಳ್ಳಗಳು ಒಂದರ ಪಕ್ಕದಲ್ಲಿ ಒಂದಿವೆ.

ಇಲ್ಲಿನ ಇಸಾಂಪುರ ಆದಿಮಾನವರ ಕಲ್ಲುಗಣಿ. ಪದರಪದರವಾಗಿ ಒಡೆದು ಮೇಲೆದ್ದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಮೀಟಿ ತೆಗೆದು, ಗಟ್ಟಿಕಲ್ಲಿನ ಸುತ್ತಿಗೆಗಳಿಂದ ಹೊಡೆದು, ಅಲ್ಲೇ ಕುಳಿತು ಕೈಕೊಡಲಿ ಮಾಡಿದ್ದಾರೆ. ಕೆಡಿಸಿದ ಕಲ್ಲು, ಎಗರಿದ ಚಕ್ಕೆ, ಅರ್ಧಕ್ಕೆ ಬಿಟ್ಟ ಉಪಕರಣಗಳು ಬಿದ್ದ ಜಾಗದಲ್ಲೇ ಉಳಿದಿವೆ. ಅಲ್ಲಿ ಸಿಕ್ಕ ಸಸ್ಯಾಹಾರಿ ಪ್ರಾಣಿಯ ಹಲ್ಲುಗಳಿಗೆ ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ವಿಧಾನ ಸುಮಾರು 12 ಲಕ್ಷ ವರ್ಷಗಳ ವಯಸ್ಸು ಕೊಟ್ಟಿದೆ. ತಮಿಳುನಾಡಿನ ಅತ್ತಿರಂಪಾಕ್ಕಂ ನೆಲೆಗೆ ಶಾಂತಿ ಪಪ್ಪು ಮತ್ತು ಸಂಗಡಿಗರು 2011ರಲ್ಲಿ ಸುಮಾರು 15 ಲಕ್ಷ ವರ್ಷಗಳ ಕಾಲವನ್ನು ಪ್ರಕಟಿಸಿದರು. ಈ ಎರಡೂ ಸೇರಿ ದಕ್ಷಿಣದ ಅಷ್ಯೂಲಿಯನ್ ಸಂಸ್ಕೃತಿಯನ್ನು ಹತ್ತು ಲಕ್ಷ ವರ್ಷಗಳಾಚೆಗೆ ಒಯ್ದವು.

ನೀರಿನ ಪ್ರಶ್ನೆಗೆ ಹುಣಸಗಿ ಕೊಡುವ ಉತ್ತರ ಇನ್ನೂ ಮಹತ್ವದ್ದು. ಕಾಳದೇವನಹಳ್ಳಿಯ ಬಳಿ ಒರತೆಯ ನೀರು ಬಿಟ್ಟುಹೋದ ಸುಣ್ಣದ ದಪ್ಪ ಪದರಗಳಿವೆ. ಯುರೇನಿಯಂ-ಥೋರಿಯಂ ವಿಧಾನ ಇವುಗಳಿಗೆ ಸುಮಾರು 1,70,000 ವರ್ಷಗಳ ಆಸುಪಾಸಿನ ಕಾಲವನ್ನು ತೋರಿಸಿತು. ತೆಗ್ಗಿಹಳ್ಳಿಯ ಪಳೆಯುಳಿಕೆಗಳು ಸುಮಾರು 2,90,000 ವರ್ಷ ಹಳೆಯವೆಂದು ಅದೇ ವಿಧಾನ ತಿಳಿಸಿತು. ಅಷ್ಟು ಸುಣ್ಣ ಕೂಡಬೇಕಾದರೆ ಒರತೆ ವರ್ಷಾನುಗಟ್ಟಲೆ ಜೋರಾಗಿ ಹರಿದಿರಬೇಕು. ಕಾಡುದನ, ಆನೆ, ಕುದುರೆ ಜಾತಿಯ ಪ್ರಾಣಿ, ಜಿಂಕೆಗಳ ಅವಶೇಷಗಳು ಹುಲ್ಲು ಮತ್ತು ಮರ ಬೆರೆತ ನೆಲವನ್ನು ಸೂಚಿಸುತ್ತವೆ. ಕಣಿವೆಯ ನೀರಿನ ಸ್ಥಿತಿ ಈಗಿಗಿಂತ ಒಳ್ಳೆಯದಿತ್ತು. ಆದರೆ ಅದು ಮಳೆಕಾಡಾಗಿರಲಿಲ್ಲ.

ಪದ್ದಯ್ಯ 1982ರ ತಮ್ಮ ಗ್ರಂಥದಲ್ಲಿ ಇದರ ಮೇಲೆ ಋತುಮಾನದ ಬದುಕಿನ ಚಿತ್ರವೊಂದನ್ನು ಕಟ್ಟಿದರು. ಬೇಸಿಗೆಯಲ್ಲಿ ಚಿಕ್ಕ ನೀರುತಾಣಗಳು ಬತ್ತಿದಾಗ ಗುಂಪುಗಳೆಲ್ಲ ಒರತೆಯ ಹಳ್ಳಗಳ ಸುತ್ತ ಸೇರುತ್ತಿದ್ದವು. ನೀರಿಗೆ ಬರುವ ದೊಡ್ಡ ಪ್ರಾಣಿಗಳ ಬೇಟೆ ಆಗ ಮುಖ್ಯ. ಮಳೆ ಬಿದ್ದು ಎಲ್ಲೆಡೆ ನೀರು ನಿಂತಾಗ ಗುಂಪುಗಳು ಕಣಿವೆಯ ತುಂಬ ಚದುರಿ ಹಣ್ಣು, ಗೆಡ್ಡೆ, ಬೀಜ, ಸಣ್ಣ ಪ್ರಾಣಿಗಳ ಮೇಲೆ ಬದುಕುತ್ತಿದ್ದವು. ಹಳ್ಳದ ದಡದಲ್ಲಿ ದೊಡ್ಡ ನೆಲೆಗಳು, ಬಯಲಿನಲ್ಲಿ ಚದುರಿದ ಸಣ್ಣ ನೆಲೆಗಳು ಇರುವುದಕ್ಕೆ ಇದು ತೃಪ್ತಿಕರ ವಿವರಣೆ. ಬಯಲುಸೀಮೆಯ ಕುರಿಗಾಹಿಗಳು ಇತ್ತೀಚಿನವರೆಗೂ ಮಳೆ ಮತ್ತು ಮೇವನ್ನು ನೋಡಿಕೊಂಡು ಮಂದೆಯನ್ನು ಒಯ್ಯುತ್ತಿದ್ದ ಕ್ರಮಕ್ಕೂ ಈ ನೆಲದ ಇದೇ ಗುಣ ಕಾರಣ.

ನೆಲೆಗಳ ಹಂಚಿಕೆ: ಎರಡು ವಿವರಣೆಗಳು

ಕೃಷ್ಣಾ ಕಣಿವೆಯಲ್ಲಿ ನೆಲೆಗಳು ದಟ್ಟವಾಗಿರುವುದು, ಕಾವೇರಿಯ ಮೇಲ್ಕಣಿವೆಯಲ್ಲಿ ವಿರಳವಾಗಿರುವುದು ವಿದ್ವಾಂಸರನ್ನು ಬಹುಕಾಲದಿಂದ ಕಾಡಿದೆ. ಆರ್. ವಿ. ಜೋಶಿ ಮಲಪ್ರಭಾ ಕಣಿವೆಯಲ್ಲಿ ನಡೆಸಿದ ಅಧ್ಯಯನ 1955ರಲ್ಲೇ ಪ್ರಕಟವಾಗಿತ್ತು. ಘಟಪ್ರಭಾ ತೀರದ ಅನಗವಾಡಿಯಲ್ಲಿ ಆರ್. ಎಸ್. ಪಪ್ಪು ಕೆಲಸ ಮಾಡಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಈ ಎಲ್ಲ ನೆಲೆಗಳನ್ನು ಒಟ್ಟಿಗೆ ನೋಡಿ ದ್ರೋಣಿ ಮಾದರಿಯನ್ನು ಮುಂದಿಟ್ಟರು. ಕಲಾದಗಿ, ಭೀಮಾ, ಕಡಪಾದಂಥ ಪ್ರಾಚೀನ ಶಿಲಾದ್ರೋಣಿಗಳಲ್ಲಿ ಬೆಣಚುಶಿಲೆ, ಸುಣ್ಣಕಲ್ಲು, ಚರ್ಟ್ ಹೇರಳ, ಒರತೆಗಳು ಬಹಳ, ಗುಹೆ ಮತ್ತು ಬಂಡೆಯಾಸರೆಗಳೂ ಉಂಟು. ಒಣಕಾಲ ಬಂದಾಗಲೂ ಈ ದ್ರೋಣಿಗಳು ಜನರನ್ನು ಉಳಿಸಿಕೊಂಡವು. ಹವೆ ಒಳ್ಳೆಯದಾದಾಗ ಅವರು ಇಲ್ಲಿಂದ ಹೊರಗೆ ಹರಡಿದರು. ಹೊರಗಿನ ನೈಸ್ ನೆಲದಲ್ಲಿ ನೆಲೆಗಳು ಕಡಿಮೆಯಿರುವುದಕ್ಕೆ ಇದು ಅವರ ವಿವರಣೆ.

ಇನ್ನೊಂದು ವಿವರಣೆ ಹುಡುಕಾಟಕ್ಕೆ ಸಂಬಂಧಿಸಿದ್ದು. ಉತ್ತರದ ಕಪ್ಪುಮಣ್ಣಿನ ಸೀಮೆಯಲ್ಲಿ ಹಳ್ಳಗಳು ದಡ ಕೊರೆದು ಹಳೆಯ ಪದರಗಳನ್ನು ಹೊರಗೆ ತೋರಿಸುತ್ತವೆ. ದಕ್ಷಿಣದಲ್ಲಿ ನೂರಾರು ವರ್ಷಗಳ ಕೆರೆಯ ಹೂಳು, ಗದ್ದೆ, ತೋಟದ ಮಣ್ಣು ಹಳೆಯ ನೆಲವನ್ನು ಮುಚ್ಚಿವೆ. ನೆಲೆ ಇಲ್ಲದಿರುವುದೂ ನೆಲೆ ಕಾಣದಿರುವುದೂ ಒಂದೇ ಅಲ್ಲ. ಕಿಬ್ಬನಹಳ್ಳಿಯ ಸಾಕ್ಷ್ಯ ಈ ಚರ್ಚೆಯಲ್ಲಿ ನೆರವಿಗೆ ಬರುತ್ತದೆ. ಅದು ಯಾವ ದೊಡ್ಡ ದ್ರೋಣಿಯಲ್ಲೂ ಇಲ್ಲ. ಆದರೂ ಧಾರವಾಡ ಶಿಲೆಯ ಪಟ್ಟಿ ಸಣ್ಣ ಪ್ರಮಾಣದಲ್ಲಿ ದ್ರೋಣಿ ಒದಗಿಸುವ ಎರಡನ್ನೂ, ಕಲ್ಲನ್ನೂ ಒರತೆಯನ್ನೂ, ಒದಗಿಸುತ್ತದೆ. ಫೂಟ್ ಕಂಡ ನ್ಯಾಮತಿ, ಲಿಂಗದಹಳ್ಳಿ, ತಾಳ್ಯಗಳೂ ಇದಕ್ಕೆ ಹೊಂದುತ್ತವೆ. ಆದ್ದರಿಂದ ಕೋರಿಶೆಟ್ಟರ್ ಅವರ ಮಾದರಿಯ ತರ್ಕವನ್ನು ಒಪ್ಪಿ, ಅದರ ವ್ಯಾಪ್ತಿಯನ್ನು ದಕ್ಷಿಣದ ಶಿಲಾಪಟ್ಟಿಗಳಿಗೂ ವಿಸ್ತರಿಸುವುದು ನ್ಯಾಯ.

ಚಕ್ಕೆಯಿಂದ ಸೂಕ್ಷ್ಮ ಅಲಗಿನವರೆಗೆ

ಭಾರೀ ಕೈಕೊಡಲಿಗಳ ಜಾಗಕ್ಕೆ ಕ್ರಮೇಣ ಸಿದ್ಧಗೊಳಿಸಿದ ತಿರುಳುಗಲ್ಲಿನಿಂದ ಎಬ್ಬಿಸಿದ ಹಗುರ ಚಕ್ಕೆಗಳು ಬಂದವು. ಅತ್ತಿರಂಪಾಕ್ಕಂನಲ್ಲಿ ಈ ಬದಲಾವಣೆ ಸುಮಾರು 3,85,000 ವರ್ಷಗಳ ಹಿಂದೆಯೇ ಆರಂಭವಾಯಿತೆಂದು 2018ರ ಅಧ್ಯಯನ ತೋರಿಸಿತು. ಹಗುರ ಉಪಕರಣ ಎಂದರೆ ದೂರ ಹೋಗುವ ಸ್ವಾತಂತ್ರ್ಯ. ಒಂದು ತಿರುಳುಗಲ್ಲು ಕೈಯಲ್ಲಿದ್ದರೆ ಬೇಕಾದಾಗ ಅಲಗು ಎಬ್ಬಿಸಿಕೊಳ್ಳಬಹುದು. ನೀರು ಮತ್ತು ಬೇಟೆ ದೂರದೂರವಿರುವ ಒಣನಾಡಿನಲ್ಲಿ ಇದರ ಬೆಲೆ ಹೆಚ್ಚು.

ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂ ಈ ಕಾಲದ ದೊಡ್ಡ ಪರೀಕ್ಷೆಯ ಜಾಗ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸ್ಫೋಟಿಸಿ ಅದರ ಬೂದಿ ಭಾರತದ ಮೇಲೆಲ್ಲ ಬಿತ್ತು. ಜ್ವಾಲಾಪುರಂನಲ್ಲಿ ಆ ಬೂದಿಯ ಪದರದ ಕೆಳಗೂ ಮೇಲೂ ಕಲ್ಲಿನ ಉಪಕರಣಗಳಿವೆ. ಮೈಕೇಲ್ ಪೆಟ್ರಾಗ್ಲಿಯಾ, ಕೋರಿಶೆಟ್ಟರ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಪ್ರಕಟಿಸಿ, ಅಂಥ ಆಘಾತದ ನಂತರವೂ ಬದುಕು ಮುಂದುವರಿಯಿತು ಎಂದರು. ಆ ಉಪಕರಣಗಳನ್ನು ಮಾಡಿದವರು ಆಧುನಿಕ ಮಾನವರೇ ಅಥವಾ ಅದಕ್ಕಿಂತ ಹಳೆಯ ಕುಲದವರೇ ಎಂಬ ವಿವಾದ ಮುಂದುವರಿದಿದೆ.

ಅದೇ ಪ್ರದೇಶದ ಬಂಡೆಯಾಸರೆಯೊಂದರಲ್ಲಿ ಸುಮಾರು 35,000 ವರ್ಷಗಳ ಹಿಂದಿನಿಂದ ಸೂಕ್ಷ್ಮ ಶಿಲೋಪಕರಣಗಳು ಸಿಗುತ್ತವೆ. ಬೆರಳುಗುರಿನಷ್ಟು ಚಿಕ್ಕ ಅಲಗುಗಳನ್ನು ಕಟ್ಟಿಗೆಯ ಹಿಡಿಗೆ ಕೂರಿಸಿ ಬಾಣ, ಈಟಿ, ಕುಡುಗೋಲು ಮಾಡುವ ತಂತ್ರವಿದು. ಹವೆ ಒಣಗುತ್ತ ಹೋದ ಹಿಮಯುಗದ ಕಾಲದಲ್ಲೇ ಇದು ಹರಡಿದ್ದು ಗಮನಾರ್ಹ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಕೆ. ಆರ್. ಯು. ಟಾಡ್ ಗುರುತಿಸಿ 1948ರಲ್ಲಿ ಪ್ರಕಟಿಸಿದ ಬೆಣಚುಕಲ್ಲಿನ ಸೂಕ್ಷ್ಮ ಉಪಕರಣಗಳು ದಕ್ಷಿಣ ಕರ್ನಾಟಕದಲ್ಲಿ ಈ ಸಂಪ್ರದಾಯಕ್ಕೆ ಸಾಕ್ಷಿ. ನೈಸ್ ಬಂಡೆಗಳ ನಡುವೆ ಬಿಳಿ ಬೆಣಚುಕಲ್ಲಿನ ಎಳೆಗಳು ಎಲ್ಲೆಡೆ ಇವೆ. ಬಯಲುಸೀಮೆಯ ಯಾವ ಹೊಲದಲ್ಲಾದರೂ ಅದರ ಚೂರು ಸಿಗುತ್ತದೆ. ದೊಡ್ಡ ಕೈಕೊಡಲಿಗೆ ಒದಗದ ಈ ಕಲ್ಲು ಸಣ್ಣ ಅಲಗಿಗೆ ಒದಗಿತು. ಇದರಿಂದ ಶಿಲಾಪಟ್ಟಿಗಳ ಹಂಗಿಲ್ಲದೆ ನೈಸ್ ನೆಲದಲ್ಲೆಲ್ಲ ಸಂಚರಿಸುವುದು ಸಾಧ್ಯವಾಯಿತು.

ದನ, ಹುರುಳಿ, ಕೊರಲೆ

ಕ್ರಿ.ಪೂ. 3000ದ ಹೊತ್ತಿಗೆ ಬಯಲುಸೀಮೆಯ ಬದುಕು ಬೇರೊಂದು ದಾರಿ ಹಿಡಿಯಿತು. ಬಳ್ಳಾರಿ, ರಾಯಚೂರು, ಸುರಪುರ ಕಡೆಗಳಲ್ಲಿ ದನಗಾಹಿಗಳು ವರ್ಷವರ್ಷ ಸೇರುತ್ತಿದ್ದ ಜಾಗಗಳಲ್ಲಿ ಸೆಗಣಿ ರಾಶಿಯಾಗಿ, ಅದಕ್ಕೆ ಬೆಂಕಿಯಿಟ್ಟು ಬೂದಿದಿಬ್ಬಗಳಾದವು. ಅವು ಸೆಗಣಿಯವೇ ಎಂದು ಫೂಟ್ ಊಹಿಸಿದ್ದರು. 20ನೇ ಶತಮಾನದ ನಡುಭಾಗದ ಪರೀಕ್ಷೆಗಳೂ ರೇಮಂಡ್ ಆಲ್ಚಿನ್ ಉಟ್ನೂರಿನಲ್ಲಿ ನಡೆಸಿದ ಉತ್ಖನನವೂ ಅದನ್ನು ದೃಢಪಡಿಸಿದವು. ಬೂದಿಹಾಳದಲ್ಲಿ ಪದ್ದಯ್ಯ ದನದ ದೊಡ್ಡಿ, ಚರ್ಟ್ ಅಲಗು ಮಾಡುವ ಜಾಗ, ಮಾಂಸ ಕತ್ತರಿಸಿದ ನೆಲ ಎಲ್ಲವನ್ನೂ ಬಿಡಿಸಿ ತೋರಿಸಿದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಎಂ. ಎಚ್. ಕೃಷ್ಣ 1940ರ ದಶಕದ ಆರಂಭದಲ್ಲಿ, ಮಾರ್ಟಿಮರ್ ವೀಲರ್ 1947ರಲ್ಲಿ ಅಗೆದಾಗ ಉಜ್ಜಿ ನಯಗೊಳಿಸಿದ ಕೊಡಲಿಗಳ ಸಂಸ್ಕೃತಿಯ ಮೇಲೆ ಬೃಹತ್ ಶಿಲಾಯುಗದ ಕಬ್ಬಿಣದ ಸಂಸ್ಕೃತಿ ಬಂದ ಕ್ರಮ ಸ್ಪಷ್ಟವಾಯಿತು.

ಈ ಜನರ ಬೆಳೆಗಳನ್ನು ಡೋರಿಯನ್ ಫುಲ್ಲರ್, ಕೋರಿಶೆಟ್ಟರ್ ಮತ್ತು ಸಂಗಡಿಗರು ಸುಟ್ಟ ಕಾಳುಗಳಿಂದ ಗುರುತಿಸಿದ್ದಾರೆ. ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಜಾತಿಯ ಒಂದು ಕಾಡುಹುಲ್ಲಿನ ಧಾನ್ಯ ಇವರ ಮೂಲ ಬೆಳೆಗಳು. ಎಲ್ಲವೂ ಕಡಿಮೆ ಮಳೆಯಲ್ಲಿ, ಕಡಿಮೆ ದಿನಗಳಲ್ಲಿ ಕೈಗೆ ಬರುವಂಥವು. ಗೋಧಿ, ಜವೆಗೋಧಿ ಉತ್ತರದಿಂದ, ರಾಗಿ ಮತ್ತು ಜೋಳ ಆಫ್ರಿಕಾದಿಂದ ನಂತರ ಬಂದವು. ತುಮಕೂರು ಜಿಲ್ಲೆಯ ಒಣಹೊಲಗಳಲ್ಲಿ ಕೊರಲೆ ಇಂದಿಗೂ ಬೆಳೆಯುತ್ತದೆ; ಹುರುಳಿಯಂತೂ ಯಾವ ಊರಿನಿಂದಲೂ ಮರೆಯಾಗಿಲ್ಲ. ನಾಲ್ಕು ಸಾವಿರ ವರ್ಷಗಳ ಹಿಂದಿನ ಆಯ್ಕೆ ಇಷ್ಟು ಕಾಲ ಉಳಿದಿರುವುದೇ ಅದು ನೆಲವನ್ನು ಅರಿತು ಮಾಡಿದ ಆಯ್ಕೆ ಎಂಬುದಕ್ಕೆ ಬಲವಾದ ಸಾಕ್ಷಿ.

ನೀಲಗಿರಿ ಮತ್ತು ಲೋಣಾರ್ ದಾಖಲೆಗಳು ಒಣಗುವಿಕೆಯನ್ನು ತೋರಿಸುವ ಶತಮಾನಗಳಲ್ಲೇ ಈ ಹಳ್ಳಿಗಳು ಹೆಚ್ಚಿದ್ದು ಮುಖ್ಯವಾದ ಅಂಶ. ಮಳೆ ಕಡಿಮೆಯಾದಾಗ ಕಾಡು ತೆರೆದುಕೊಂಡು ಹುಲ್ಲು ಹೆಚ್ಚಿತು, ದನಗಾರಿಕೆಗೆ ಅನುಕೂಲವಾಯಿತು ಎಂಬುದು ಒಂದು ವಾದ. ಕಾಡಿನ ಆಹಾರ ಕಡಿಮೆಯಾಗಿ ಜನ ಬಿತ್ತನೆಗೆ ತೊಡಗಿದರು ಎಂಬುದು ಇನ್ನೊಂದು. ಎರಡರಲ್ಲೂ ಒಣಹವೆ ನಾಡನ್ನು ಬರಿದು ಮಾಡಿದ ಶಕ್ತಿಯಾಗಿ ಬರುವುದಿಲ್ಲ. ಬದುಕಿನ ಕ್ರಮವನ್ನು ಬದಲಿಸಿದ ಒತ್ತಡವಾಗಿ ಬರುತ್ತದೆ.

ವಲಸೆಯ ದಾರಿಗಳು

ಆಧುನಿಕ ಮಾನವರು ಭಾರತಕ್ಕೆ ಬಂದ ದಾರಿಯ ಬಗ್ಗೆ ಎರಡು ಪಕ್ಷಗಳಿವೆ. ಪಾಲ್ ಮೆಲ್ಲರ್ಸ್ ಮೊದಲಾದವರು ಸುಮಾರು 60,000 ವರ್ಷಗಳಿಂದೀಚೆಗೆ ಕರಾವಳಿಯುದ್ದಕ್ಕೂ ನಡೆದ ವೇಗದ ವಲಸೆಯನ್ನು ಮುಂದಿಟ್ಟರು. ಪೆಟ್ರಾಗ್ಲಿಯಾ ಮೊದಲಾದವರು ಅದಕ್ಕೂ ಮುಂಚೆ, ಹಸಿರು ಕಾಲದ ಅರೇಬಿಯಾ ಮತ್ತು ಥಾರ್ ಮೂಲಕ ಒಳನಾಡಿಗೆ ಬಂದ ಹಾದಿಯನ್ನು ಪ್ರತಿಪಾದಿಸಿದರು. ಹಿಮಯುಗದ ಕರಾವಳಿ ಈಗ ಸಮುದ್ರದಡಿ ಇರುವುದರಿಂದ ಮೊದಲ ಪಕ್ಷಕ್ಕೆ ನೇರ ಆಧಾರ ಸಿಗುವುದು ಕಷ್ಟ. ಒಳನಾಡಿನ ನೆಲೆಗಳು ಹೆಚ್ಚುತ್ತಿರುವುದು ಎರಡನೆಯ ಪಕ್ಷಕ್ಕೆ ಬಲ ಕೊಟ್ಟಿದೆ.

ಒಳನಾಡಿನ ಸಂಚಾರದಲ್ಲಿ ತೆಂಗಿನ ಸೀಮೆಯ ಸ್ಥಾನ ವಿಶಿಷ್ಟವಾದದ್ದು. ಇದು ಕೃಷ್ಣಾ ಮತ್ತು ಕಾವೇರಿ ಜಲಾನಯನಗಳ ನಡುವಿನ ಏರು. ಚಿಕ್ಕನಾಯಕನಹಳ್ಳಿ ಕಡೆಯ ಸುವರ್ಣಮುಖಿಯ ನೀರು ಬೋರನಕಣಿವೆಯನ್ನು ದಾಟಿ ವೇದಾವತಿಯನ್ನು ಸೇರಿ, ತುಂಗಭದ್ರೆಯ ಮೂಲಕ ಕೃಷ್ಣೆಗೆ ಹೋಗುತ್ತದೆ. ತುರುವೇಕೆರೆ ಕಡೆಯ ನೀರು ಶಿಂಷಾ ಮೂಲಕ ಕಾವೇರಿಗೆ ಹೋಗುತ್ತದೆ. ನಡುವಿನ ಏರು ತೀರ ತಗ್ಗು. ದಾಟಲು ಬೆಟ್ಟ ಹತ್ತಬೇಕಿಲ್ಲ. ಉತ್ತರದ ಕಣಿವೆಗಳಿಂದ ದಕ್ಷಿಣಕ್ಕೆ ಚಾಚಿದ ಧಾರವಾಡ ಶಿಲೆಯ ಪಟ್ಟಿ ಈ ಏರನ್ನು ಹಾದೇ ಹೋಗುತ್ತದೆ. ಕಲ್ಲನ್ನೂ ಒರತೆಯನ್ನೂ ಹಿಂಬಾಲಿಸುವ ಗುಂಪುಗಳಿಗೆ ಎರಡು ನದಿಗಳ ಲೋಕವನ್ನು ಬೆಸೆಯುವ ಸಹಜ ದಾರಿ ಇದಾಗಬಲ್ಲದು. ಕಿಬ್ಬನಹಳ್ಳಿ ಈ ದಾರಿಯ ಮೇಲಿದೆ.

ಸಮೀಕ್ಷೆಯ ಫಲ

ಒಟ್ಟು ಆಧಾರಗಳಿಂದ ಮೂರು ತೀರ್ಮಾನಗಳು ಹೊರಡುತ್ತವೆ. ಬಯಲುಸೀಮೆಯ ಮಳೆ ಪದೇಪದೇ ಏರಿದೆ, ಇಳಿದಿದೆ. ಹುಣಸಗಿಯ ಸುಣ್ಣದ ಪದರಗಳ ಕಾಲದಲ್ಲಿ ಒರತೆಗಳು ಈಗಿಗಿಂತ ಸಮೃದ್ಧವಾಗಿದ್ದವು. ಆದರೆ ಈ ನಾಡು ಯಾವ ಕಾಲದಲ್ಲೂ ಮಲೆನಾಡಾಗಿರಲಿಲ್ಲ, ಯಾವ ಕಾಲದಲ್ಲೂ ಸಹಾರಾದಂತೆ ಪೂರ್ತಿ ಬರಿದಾಗಲೂ ಇಲ್ಲ. ಇಲ್ಲಿನ ನೆಲೆಗಳ ಜಾಗವನ್ನು ನಿರ್ಧರಿಸಿದ್ದು ಮಳೆಯ ಸರಾಸರಿಗಿಂತ ಹೆಚ್ಚಾಗಿ ಬೇಸಿಗೆಯಲ್ಲೂ ನೀರು ಒಸರುವ ತಾಣ ಮತ್ತು ಕೆತ್ತಲು ಬರುವ ಕಲ್ಲು. ಒಣಕಾಲಗಳಿಗೆ ಜನ ಕೊಟ್ಟ ಉತ್ತರ ನಾಡು ಬಿಡುವುದಷ್ಟೇ ಆಗಿರಲಿಲ್ಲ. ಋತುಮಾನದ ಸಂಚಾರ, ಹಗುರ ಉಪಕರಣ, ದನಗಾರಿಕೆ, ಬರ ತಡೆಯುವ ಬೆಳೆ ಎಲ್ಲವೂ ಅದರ ಭಾಗ.

ಇಂದಿನ ತೆಂಗಿನ ತೋಟಗಳು ಈ ಸರಣಿಯ ಇತ್ತೀಚಿನ ಅಧ್ಯಾಯ. ಕರಾವಳಿ ಮೂಲದ ತೆಂಗು ಇಷ್ಟು ಕಡಿಮೆ ಮಳೆಯ ನೆಲದಲ್ಲಿ ನಿಂತಿರುವುದು ಕೆರೆ, ಕಟ್ಟೆ, ಬಾವಿಗಳ ಬಲದಿಂದ. ಈಗ ಕೊಳವೆಬಾವಿ ಮತ್ತು ಹೇಮಾವತಿ ನಾಲೆಯ ಬಲದಿಂದ. ಅಂತರ್ಜಲ ಆಳಕ್ಕಿಳಿದಂತೆ ಗುಡ್ಡದ ಬುಡದ ಒರತೆಗಳು ನಿಂತಿವೆ. ಜೊತೆಗೆ ಗಣಿಗಾರಿಕೆ, ಆಳದ ಉಳುಮೆ, ಜೆಸಿಬಿಯಿಂದ ನೆಲ ಸಮ ಮಾಡುವ ಕೆಲಸ ಲಕ್ಷಾಂತರ ವರ್ಷ ಅಲುಗದೆ ಕುಳಿತಿದ್ದ ಕಲ್ಲಿನ ಉಪಕರಣಗಳನ್ನು ಕದಲಿಸುತ್ತಿವೆ. ಜಾಗದಿಂದ ಕದಲಿದ ಕೈಕೊಡಲಿ ವಸ್ತುಸಂಗ್ರಹಾಲಯದಲ್ಲಿ ಉಳಿಯಬಹುದು. ಅದು ಯಾವ ಪದರದಲ್ಲಿತ್ತು, ಯಾವ ಒರತೆಯ ಬಳಿಯಿತ್ತು ಎಂಬ ಮಾಹಿತಿ ಮಾತ್ರ ಮತ್ತೆ ಸಿಗುವುದಿಲ್ಲ.

ಮಣ್ಣಿನ ಕಣಗಳು ಕೊನೆಯ ಬಾರಿ ಬಿಸಿಲು ಕಂಡ ಕಾಲವನ್ನು ಅಳೆಯುವ ವಿಧಾನಗಳು ಶೇಷಾದ್ರಿಯವರ ಕಾಲದಲ್ಲಿ ಇರಲಿಲ್ಲ; ಈಗ ಇವೆ. ಕಿಬ್ಬನಹಳ್ಳಿಯಿಂದ ಚಿಕ್ಕನಾಯಕನಹಳ್ಳಿಯವರೆಗಿನ ಗುಡ್ಡಗಳ ಬುಡವನ್ನು ಹುಣಸಗಿಯಂತೆಯೇ ಹೊಲಹೊಲವಾಗಿ ಪರಿಶೀಲಿಸಿ, ಉಪಕರಣವಿರುವ ಪದರಗಳ ಕಾಲವನ್ನೂ ಹಳೆಯ ಒರತೆಗಳ ಜಾಗವನ್ನೂ ಗುರುತಿಸುವುದು, ಉಳಿದ ನೆಲೆಗಳನ್ನು ರಕ್ಷಿಸುವುದು ಈ ಪ್ರಶ್ನೆಯಲ್ಲಿ ಮುಂದಿನ ಕೆಲಸ. ಕೃಷ್ಣಾ ಕಣಿವೆಯ ಚರಿತ್ರೆ ಕಾವೇರಿ ಕಣಿವೆಯ ಚರಿತ್ರೆಯೊಂದಿಗೆ ಎಲ್ಲಿ ಕೂಡುತ್ತದೆ ಎಂಬುದಕ್ಕೆ ದೃಢವಾದ ಉತ್ತರ ದೊರೆಯುವುದು ಆ ಕೆಲಸದಿಂದ.